ನಿಂತ ಗೆರೆಯ ಚಲನೆ

ತೋಡಾರಿನ ಕಡೆಯಿಂದ ಮೂಡುಬಿದಿರೆಗೆ ಹೋದವರು ಸಾವಿರ ಕಂಬದ ಬಸದಿಯನ್ನು ನೋಡದೆ ಹಿಂದಿರುಗುವುದು ವಿರಳ. ಕ್ರಿ. ಶ. 1430ರಲ್ಲಿ ಕಟ್ಟಿದ ಈ ತ್ರಿಭುವನ ತಿಲಕ ಚೂಡಾಮಣಿ ಬಸದಿಯ ಕಂಬಗಳಲ್ಲಿ ಒಂದರಂತೆ ಮತ್ತೊಂದಿಲ್ಲವೆಂಬ ಮಾತನ್ನು ಅಲ್ಲಿ ಎಲ್ಲರೂ ಹೇಳುತ್ತಾರೆ. ಶಾಲೆಯ ಪ್ರವಾಸದಲ್ಲಿ ನಾವು ಅಧ್ಯಾಪಕರೂ ಮಕ್ಕಳಿಗೆ ಇದನ್ನೇ ಹೇಳಿ ಮುಂದೆ ಸಾಗುತ್ತೇವೆ. ಮುಂದಿನ ಬಾರಿ ಹೋದಾಗ ಒಂದು ಸಣ್ಣ ಪ್ರಯೋಗ ಮಾಡಿ ನೋಡಬಹುದು. ಮಂಟಪದ ಒಂದು ಬದಿಯಿಂದ ಇನ್ನೊಂದು ಬದಿಗೆ, ಕಂಬಗಳ ಸಾಲಿನ ಮೇಲೆ ದೃಷ್ಟಿಯಿಟ್ಟು, ನಿಧಾನವಾಗಿ ನಡೆಯಿರಿ. ಹತ್ತಿರದ ಕಂಬ ಬೇಗನೆ ಹಿಂದೆ ಸರಿಯುತ್ತದೆ. ದೂರದ ಕಂಬ ನಮ್ಮ ಜೊತೆಗೇ ಬರುವಂತಿರುತ್ತದೆ. ಎರಡರ ನಡುವಣ ಓಣಿ ತೆರೆದುಕೊಂಡು, ಕಿರಿದಾಗಿ, ಮುಚ್ಚಿಹೋಗಿ, ಮತ್ತೆ ಬೇರೊಂದು ಕಡೆ ತೆರೆಯುತ್ತದೆ. ಕಲ್ಲು ಕದಲಿಲ್ಲ. ನಡೆದವರು ನಾವು. ಆದರೂ ಕಣ್ಣಿಗೆ ಕಾಣುವುದು ಕಂಬಗಳ ಮೆರವಣಿಗೆಯೇ.

ಇನ್ನು ಕಂಬಗಳ ಮೈಮೇಲಿನ ಹೆಣಿಗೆಯ ಕೆತ್ತನೆಯನ್ನು ನೋಡಿದರೆ ಅಲ್ಲಿ ನಾವು ನಡೆಯಬೇಕಾದ ಅಗತ್ಯವೂ ಇಲ್ಲ. ಆದಿ ಅಂತ್ಯವಿಲ್ಲದ ಒಂದು ಪಟ್ಟಿ ತನ್ನ ಮೇಲೆಯೇ ಹಾಯ್ದು, ಕೆಳಗೆ ನುಸುಳಿ, ಮರಳಿ ಬರುತ್ತದೆ. ಒಮ್ಮೆ ಅದರ ಜಾಡು ಹಿಡಿದ ಕಣ್ಣು ಬಿಡಿಸಿಕೊಳ್ಳಲಾರದೆ ಸುತ್ತುತ್ತಲೇ ಇರುತ್ತದೆ.

ಕಲೆಯಲ್ಲಿ ಚಲನೆ ಮೂರು ವಿಧದಿಂದ ಬರಬಹುದೆಂದು ಇದರಿಂದ ತಿಳಿಯುತ್ತದೆ. ವಸ್ತು ತಾನೇ ಚಲಿಸಬಹುದು, ತೇರಿನ ಗಾಲಿಯಂತೆ, ಬುಗುರಿಯಂತೆ. ನೋಡುವವನು ಚಲಿಸಬಹುದು. ಇವೆರಡೂ ಇಲ್ಲದೆ, ವಸ್ತುವೂ ನಿಂತಿದ್ದು ನೋಡುವವನೂ ನಿಂತಿದ್ದು, ಆದರೂ ಏನೋ ಅಲುಗಿದಂತೆ ತೋರಬಹುದು. ಮೊದಲ ಎರಡಕ್ಕೆ ವಿವರಣೆ ಸುಲಭ. ಮೂರನೆಯದನ್ನು ನಾನು ಬಹುಕಾಲ ನಂಬಿರಲಿಲ್ಲ. ಅದರ ಫಲವಾಗಿ ಒಬ್ಬ ವಿದ್ಯಾರ್ಥಿಗೆ ಅನ್ಯಾಯವಾಯಿತು. ಅದನ್ನು ಇಲ್ಲಿ ಹೇಳಿಬಿಡುವುದು ಒಳಿತು.

ಚಿತ್ರಕಲಾ ಶಿಕ್ಷಕನಾಗಿ ವೃತ್ತಿಗೆ ಸೇರಿದ ಮೊದಲ ವರ್ಷಗಳು. ಬೇರೊಂದು ಊರಿನ ಶಾಲೆ. ಅಲಂಕಾರಿಕ ಚಿತ್ರದ ಅಭ್ಯಾಸಕ್ಕಾಗಿ ಕೈವಾರದಿಂದ ದೊಡ್ಡ ವೃತ್ತವನ್ನೆಳೆದು, ಕೇಂದ್ರದಿಂದ ಪರಿಧಿಗೆ ಒತ್ತೊತ್ತಾಗಿ ಗೆರೆಗಳನ್ನು ಹಾಕಿ, ಒಂದು ಬಿಟ್ಟು ಒಂದಕ್ಕೆ ಕಪ್ಪು ಮಸಿ ತುಂಬಲು ಹೇಳಿದ್ದೆ. ಒಬ್ಬ ಹುಡುಗ ಎರಡು ಅವಧಿಗಳ ಕಾಲ ತಲೆಯೆತ್ತದೆ ಕುಳಿತು ತುಂಬಿಸಿ, ಕೊನೆಗೆ ಹಾಳೆಯನ್ನು ತಂದು, “ಸರ್, ಇದು ಅಲ್ಲಾಡ್ತಾ ಉಂಟು” ಎಂದ. ನಾನು ನೋಡಿದೆ, ಅಲ್ಲಾಡಲಿಲ್ಲ. ಇನ್ನೊಮ್ಮೆ ಕೇಳಿದೆ, ಅವನು ಅದನ್ನೇ ಹೇಳಿದ. ತರಗತಿ ನಕ್ಕಿತು. ಸುಳ್ಳು ಹೇಳಿದನೆಂದು ಅವನನ್ನು ಅವಧಿ ಮುಗಿಯುವವರೆಗೆ ಹೊರಗೆ ನಿಲ್ಲಿಸಿದೆ. ಆ ಬಳಿಕ ಅವನು ಚಿತ್ರದ ತರಗತಿಯಲ್ಲಿ ಕೇಳಿದ್ದಕ್ಕೆ ಮಾತ್ರ ಉತ್ತರಿಸುತ್ತಿದ್ದ.

ಆ ಹುಡುಗ ಕಂಡದ್ದನ್ನು ಬ್ರಿಟನ್ನಿನ ವಿಜ್ಞಾನಿ ಡೊನಾಲ್ಡ್ ಮೆಕೇ 1957ರಲ್ಲಿಯೇ ವಿವರಿಸಿ ಬರೆದಿದ್ದರು. ಕೇಂದ್ರದಿಂದ ಹೊರಟ ಒತ್ತಾದ ಕಪ್ಪು ಬಿಳಿ ಗೆರೆಗಳನ್ನು ತುಸು ಹೊತ್ತು ದಿಟ್ಟಿಸಿದರೆ, ಗೆರೆಗಳಿಗೆ ಅಡ್ಡಲಾಗಿ, ವೃತ್ತಾಕಾರವಾಗಿ, ಏನೋ ಹರಿದಾಡಿದಂತೆ ಕಾಣುತ್ತದೆ. ಬರಿಯ ಗೋಡೆಯತ್ತ ಕಣ್ಣು ಹೊರಳಿಸಿದರೂ ಆ ಹರಿದಾಟ ಕ್ಷಣಕಾಲ ಅಲ್ಲಿಯೂ ಉಳಿದಿರುತ್ತದೆ. ನಾನು ಆ ಹಾಳೆಯನ್ನು ನೋಡಿದ್ದು ಎರಡು ಕ್ಷಣ. ಅವನು ನೋಡಿದ್ದು ಒಂದೂವರೆ ಗಂಟೆ.

ಯುರೋಪಿನ ಕಲಾವಿದರು ಈ ಜಾಡಿಗೆ ಬಂದ ಬಗೆಯನ್ನು ಸಂಕ್ಷೇಪವಾಗಿ ನೋಡೋಣ. ಮೊದಲು ಅವರು ವಸ್ತುವನ್ನೇ ಕುಣಿಸಿದರು. 1920ರ ಸುಮಾರಿಗೆ ರಷ್ಯದ ನೌಮ್ ಗಾಬೊ ಒಂದು ಉಕ್ಕಿನ ಕಡ್ಡಿಗೆ ಮೋಟಾರು ಜೋಡಿಸಿ ಅದನ್ನು ಕಂಪಿಸುವಂತೆ ಮಾಡಿದನು. ಕಡ್ಡಿ ಕಣ್ಮರೆಯಾಗಿ, ಗಾಳಿಯಲ್ಲಿ ಅಲೆಯ ಆಕಾರವೊಂದು ನಿಂತಂತೆ ತೋರಿತು. ದೀಪಾವಳಿಯಲ್ಲಿ ಸುರುಸುರುಬತ್ತಿಯನ್ನು ಗಿರಗಿರನೆ ತಿರುಗಿಸಿ ಬೆಂಕಿಯ ಬಳೆ ಮಾಡುವ ನಮ್ಮ ಮಕ್ಕಳಿಗೆ ಇದರ ಮರ್ಮ ಗೊತ್ತು. ಅಮೆರಿಕೆಯ ಅಲೆಕ್ಸಾಂಡರ್ ಕಾಲ್ಡರ್ 1930ರ ದಶಕದಲ್ಲಿ ತಂತಿಗಳಿಗೆ ಹಗುರಾದ ತಗಡಿನ ಎಲೆಗಳನ್ನು ತೂಗುಬಿಟ್ಟು ಗಾಳಿಗೆ ಒಪ್ಪಿಸಿದನು. 1955ರಲ್ಲಿ ಪ್ಯಾರಿಸಿನ ಡೆನೀಸ್ ರೆನೆ ಎಂಬಾಕೆಯ ಚಿತ್ರಶಾಲೆಯಲ್ಲಿ ‘ಚಲನೆ’ ಎಂಬ ಹೆಸರಿನ ಪ್ರದರ್ಶನ ನಡೆದಾಗ ಈ ಬಗೆಯ ಕಲೆಗೆ ಒಂದು ಪಂಥದ ರೂಪ ಬಂದಿತು. ಅಲ್ಲಿ ಕಾಲ್ಡರನ ಜೊತೆಗೆ ವಿಕ್ಟರ್ ವಾಸರೆಲಿಯೂ ವೆನೆಜುವೆಲದ ಸೋಟೊ ಎಂಬವನೂ ಇದ್ದರು. ಸೋಟೊ ಗೆರೆಗಳ ಹಿನ್ನೆಲೆಯ ಮುಂದೆ, ಸ್ವಲ್ಪ ಅಂತರ ಬಿಟ್ಟು, ತಂತಿಗಳನ್ನು ಇಟ್ಟನು. ನೋಡುವವನು ಒಂದು ಹೆಜ್ಜೆ ಸರಿದರೆ ಸಾಕು, ಎಲ್ಲವೂ ನಡುಗತೊಡಗುತ್ತದೆ. ಬಸದಿಯ ಕಂಬಗಳ ನಡುವೆ ನಡೆದವರಿಗೆ ಇದು ಹೊಸ ಅನುಭವವಲ್ಲ.

ವಾಸರೆಲಿ 1906ರಲ್ಲಿ ಹಂಗೇರಿಯಲ್ಲಿ ಹುಟ್ಟಿ, ಕೆಲಕಾಲ ವೈದ್ಯಶಾಸ್ತ್ರವನ್ನೋದಿ, ಅದನ್ನು ಬಿಟ್ಟು ಪ್ಯಾರಿಸಿಗೆ ಬಂದು ಜಾಹೀರಾತಿನ ಚಿತ್ರ ಬರೆದು ಬದುಕಿದವನು. ಮೋಟಾರೂ ಬೇಡ, ಗಾಳಿಯೂ ಬೇಡ, ಚೌಕ, ವೃತ್ತ, ಬಣ್ಣ ಇಷ್ಟರಿಂದಲೇ ಹಾಳೆಯನ್ನು ಉಬ್ಬಿಸಬಹುದು, ಕುಗ್ಗಿಸಬಹುದು ಎಂದು ತೋರಿಸಿದವರಲ್ಲಿ ಅವನು ಮುಖ್ಯನು. ಆದರೆ ನನ್ನ ದೃಷ್ಟಿಯಲ್ಲಿ ಈ ಮಾರ್ಗದ ಅತ್ಯಂತ ಶುದ್ಧ ಕೃತಿಯನ್ನು ರಚಿಸಿದವರು ಇಂಗ್ಲೆಂಡಿನ ಬ್ರಿಜೆಟ್ ರೈಲಿ. 1961ರ ಅವರ ‘ಚೌಕಗಳಲ್ಲಿ ಚಲನೆ’ ಎಂಬ ಚಿತ್ರದಲ್ಲಿರುವುದು ಕಪ್ಪು ಬಿಳಿಯ ಚದುರಂಗದ ಹಾಸು, ಅಷ್ಟೇ. ಚೌಕಗಳ ಎತ್ತರ ಎಲ್ಲೆಡೆ ಒಂದೇ. ಅಗಲ ಮಾತ್ರ ಒಂದು ಕಡೆಗೆ ಸಾಗಿದಂತೆ ಕಿರಿದಾಗುತ್ತಾ ಹೋಗಿ, ಗೆರೆಯಷ್ಟಾಗಿ, ಮತ್ತೆ ಹಿಗ್ಗುತ್ತದೆ. ಚಪ್ಪಟೆ ಹಾಸು ಆ ಸ್ಥಳದಲ್ಲಿ ಒಳಕ್ಕೆ ಮಡಿಚಿ ಬಿದ್ದಂತೆ ಕಾಣುತ್ತದೆ. ಅಲ್ಲಿ ಕಣ್ಣು ನಿಲ್ಲುವುದಿಲ್ಲ, ಜಾರುತ್ತದೆ. ಅಳತೆಪಟ್ಟಿ ಮತ್ತು ಮಸಿಯಿಂದ ನಮ್ಮ ಎಂಟನೆಯ ತರಗತಿಯ ಮಕ್ಕಳು ಇದನ್ನು ಬರೆಯಬಲ್ಲರು. ಬರೆಸಿ ನೋಡಿದ್ದೇನೆ. ಅಗಲವನ್ನು ಎಷ್ಟೆಷ್ಟು ಕಡಿಮೆ ಮಾಡುತ್ತಾ ಹೋಗಬೇಕೆಂಬ ಲೆಕ್ಕ ತಪ್ಪಿದರೆ ಹಾಸು ಮಡಿಚುವುದಿಲ್ಲ. ಆದುದರಿಂದ ರೇಖಾಗಣಿತದ ಅಧ್ಯಾಪಕರೂ ಚಿತ್ರದ ಅಧ್ಯಾಪಕರೂ ಒಂದೇ ಕೊಠಡಿಯಲ್ಲಿ ನಿಂತು ಕಲಿಸಬಹುದಾದ ಅಪರೂಪದ ಪಾಠ ಇದು.

1965ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ‘ಸ್ಪಂದಿಸುವ ಕಣ್ಣು’ ಎಂಬ ದೊಡ್ಡ ಪ್ರದರ್ಶನ ನಡೆಯಿತು. ಅಷ್ಟರಲ್ಲಿ ಪತ್ರಿಕೆಗಳು ಈ ಕಲೆಗೆ ‘ಆಪ್ ಆರ್ಟ್’ ಎಂಬ ಚುಟುಕು ಹೆಸರಿಟ್ಟಾಗಿತ್ತು. ಅಂಗಡಿಗಳಲ್ಲಿ ರೈಲಿಯವರ ಚಿತ್ರಗಳನ್ನೇ ಅನುಕರಿಸಿದ ಅಂಗಿಗಳು ನೇತಾಡತೊಡಗಿದವು. ಅದನ್ನು ಕಂಡು ಅವರಿಗೆ ಸಂತೋಷವಾಗಲಿಲ್ಲ, ಕೋಪ ಬಂದಿತು. ಹೆಸರು ಬೇಗ ಬಂದ ಕಲೆಗೆ ಬೇಗನೆ ಹಗುರವಾಗುವ ಅಪಾಯವೂ ಉಂಟು.

ಈಗ ಕಾರಣದ ವಿಚಾರ. ನಮ್ಮ ಕಣ್ಣು ಕ್ಯಾಮೆರಾದಂತೆ ಸುಮ್ಮನೆ ನಿಂತು ಬಿಂಬವನ್ನು ಹಿಡಿಯುತ್ತದೆಂಬ ಪಠ್ಯಪುಸ್ತಕದ ಹೋಲಿಕೆ ಅರ್ಧ ಸತ್ಯ ಮಾತ್ರ. ಒಂದೇ ಬಿಂದುವನ್ನು ಎಷ್ಟೇ ಸ್ಥಿರವಾಗಿ ನೋಡಲೆತ್ನಿಸಿದರೂ ಕಣ್ಣುಗುಡ್ಡೆ ನಮಗರಿವಿಲ್ಲದೆ ಸಣ್ಣಗೆ ನಡುಗುತ್ತದೆ, ಮೆಲ್ಲನೆ ತೇಲುತ್ತದೆ, ಸೆಕೆಂಡಿಗೆ ಒಂದೆರಡು ಬಾರಿ ಚಿಕ್ಕದಾಗಿ ಜಿಗಿಯುತ್ತದೆ. ಇದು ದೋಷವಲ್ಲ. 1950ರ ದಶಕದ ಆರಂಭದಲ್ಲಿ ವಿಜ್ಞಾನಿಗಳು ಕಣ್ಣಿನ ಜೊತೆಗೇ ಬಿಂಬವೂ ಚಲಿಸುವಂತೆ ಉಪಕರಣ ಮಾಡಿ, ಅಕ್ಷಿಪಟಲದ ಮೇಲೆ ಬಿಂಬ ಒಂದೇ ಜಾಗದಲ್ಲಿ ಕದಲದೆ ನಿಲ್ಲುವಂತೆ ಮಾಡಿದರು. ಆಗ ನಡೆದದ್ದು ಆಶ್ಚರ್ಯಕರ: ಕೆಲವೇ ಸೆಕೆಂಡುಗಳಲ್ಲಿ ಚಿತ್ರವೇ ಮಾಸಿಹೋಯಿತು. ಬದಲಾವಣೆಯಿಲ್ಲದ್ದನ್ನು ಕಣ್ಣು ಕಾಣುವುದಿಲ್ಲ. ಅಲುಗುವುದರಿಂದಲೇ ನಾವು ನೋಡಬಲ್ಲೆವು. ಸಾಮಾನ್ಯ ದೃಶ್ಯದಲ್ಲಿ ಈ ನಡುಕವನ್ನು ಮೆದುಳು ಲೆಕ್ಕದಿಂದ ಕಳೆದುಬಿಡುತ್ತದೆ. ಆದರೆ ಒತ್ತೊತ್ತಾದ, ಒಂದೇ ತೆರನಾದ, ಕಡುಕಪ್ಪು ಕಡುಬಿಳಿಯ ಗೆರೆಗಳ ಮುಂದೆ ಆ ಲೆಕ್ಕ ತಪ್ಪುತ್ತದೆ. ಒಂದು ಗೆರೆಯ ಬಿಂಬ ಪಕ್ಕದ ಗೆರೆಯ ಜಾಗಕ್ಕೆ ಸರಿದಾಗ, ಸರಿದದ್ದು ಕಣ್ಣೋ ಗೆರೆಯೋ ಎಂಬ ತೀರ್ಮಾನ ಕಠಿಣವಾಗುತ್ತದೆ. ಮೆಕೇ ಕಂಡ ಹರಿದಾಟಕ್ಕೆ ಕಣ್ಣಿನ ನಡುಕ ಒಂದೇ ಕಾರಣವಲ್ಲ; ಮಸೂರ ತನ್ನ ನಾಭಿಯನ್ನು ಸರಿಪಡಿಸಿಕೊಳ್ಳುತ್ತಲೇ ಇರುವುದು, ಒಂದೇ ದಿಕ್ಕಿನ ಗೆರೆಯನ್ನು ನೋಡಿ ಮೆದುಳಿನ ನರಕೋಶಗಳು ದಣಿಯುವುದು, ಇವುಗಳ ಪಾಲನ್ನು ಕುರಿತು ತಜ್ಞರಲ್ಲಿ ಚರ್ಚೆಯುಂಟು.

ಬಣ್ಣದ ಕತೆ ಇನ್ನೂ ಸ್ವಾರಸ್ಯದ್ದು. ಫ್ರಾನ್ಸಿನ ರಾಜ್ಯದ ನೇಯ್ಗೆಶಾಲೆಯಲ್ಲಿ ಬಣ್ಣದ ವಿಭಾಗದ ಮೇಲ್ವಿಚಾರಕನಾಗಿದ್ದ ರಸಾಯನಶಾಸ್ತ್ರಜ್ಞ ಶೆವ್ರೋಲ್‌ಗೆ ಕಪ್ಪು ನೂಲು ಸಪ್ಪೆಯಾಗಿದೆಯೆಂಬ ದೂರು ಬಂದಿತು. ಅವನು ನೂಲನ್ನು ಪರೀಕ್ಷಿಸಿದಾಗ ಬಣ್ಣದಲ್ಲಿ ಯಾವ ದೋಷವೂ ಕಾಣಲಿಲ್ಲ. ಪಕ್ಕದ ನೀಲಿ, ನೇರಳೆ ನೂಲುಗಳು ಕಪ್ಪನ್ನು ಕೆಡಿಸುತ್ತಿದ್ದವು. ಪ್ರತಿಯೊಂದು ಬಣ್ಣವೂ ತನ್ನ ನೆರೆಯ ಮೇಲೆ ತನ್ನ ಪೂರಕ ವರ್ಣದ ಛಾಯೆಯನ್ನು ಚೆಲ್ಲುತ್ತದೆಂದು ಅವನು 1839ರಲ್ಲಿ ಗ್ರಂಥ ಬರೆದನು. ಸೀರೆಯ ಅಂಚನ್ನು ಒಡಲಿನ ಮೇಲಿಟ್ಟು ನೋಡದೆ ಕೊಳ್ಳಲೊಪ್ಪದ ನಮ್ಮ ತಾಯಂದಿರು ಗ್ರಂಥವಿಲ್ಲದೆಯೇ ಇದನ್ನು ಬಲ್ಲರು. ರೈಲಿಯವರು 1967ರಲ್ಲಿ ಮೊದಲ ಬಾರಿಗೆ ಬಣ್ಣವನ್ನು ಕೈಗೆತ್ತಿಕೊಂಡಾಗ ಆರಿಸಿದ್ದು ಕೆಂಪು ಮತ್ತು ಹಸಿರು ಮಿಶ್ರಿತ ನೀಲಿ. ಒಂದಕ್ಕೊಂದು ಎದುರಾದ, ಆದರೆ ಕಾಂತಿಯಲ್ಲಿ ಬಹಳ ವ್ಯತ್ಯಾಸವಿಲ್ಲದ ಇಂಥ ಬಣ್ಣಗಳು ಕೂಡುವಲ್ಲಿ ಅಂಚು ನಿಲ್ಲುವುದಿಲ್ಲ. ಬಿಸಿಲಿಗೆ ಕಾದ ರಸ್ತೆಯಂತೆ ಮಿನುಗುತ್ತದೆ. ಗಡಿಯನ್ನು ಗುರುತಿಸುವಾಗ ನಮ್ಮ ದೃಷ್ಟಿ ಬಣ್ಣಕ್ಕಿಂತ ಬೆಳಕು ಕತ್ತಲೆಯ ವ್ಯತ್ಯಾಸವನ್ನೇ ಹೆಚ್ಚು ನೆಚ್ಚಿರುತ್ತದೆ. ಆ ಊರುಗೋಲನ್ನು ಕಿತ್ತುಕೊಂಡರೆ ಅದು ತಡವರಿಸುತ್ತದೆ.

ಈ ಸಂದರ್ಭದಲ್ಲಿ ಬೆಂಗಳೂರಿನ ಸರ್ ಸಿ. ವಿ. ರಾಮನ್ ಅವರನ್ನು ನೆನೆಯದಿರಲಾಗದು. ಜಗತ್ತು ಅವರನ್ನು ಬೆಳಕಿನ ಚದರಿಕೆಗಾಗಿ ಬಲ್ಲದು. ಆದರೆ ಜೀವನದ ಸಂಜೆಯಲ್ಲಿ ಅವರ ಮನಸ್ಸು ಹೂಗಳ ಬಣ್ಣದ ಕಡೆಗೂ ಆ ಬಣ್ಣವನ್ನು ಕಾಣುವ ಕಣ್ಣಿನ ಕಡೆಗೂ ತಿರುಗಿತ್ತು. ಎಂಬತ್ತರ ಹೊಸ್ತಿಲಲ್ಲಿ, 1968ರಲ್ಲಿ, ದೃಷ್ಟಿಯ ಶರೀರಶಾಸ್ತ್ರವನ್ನು ಕುರಿತ ಗ್ರಂಥವನ್ನು ಪ್ರಕಟಿಸಿದರು. ಬೆಳಗಿದ ಬಿಳಿ ಪರದೆಯನ್ನು ಬಣ್ಣದ ಸೋಸುಗಾಜಿನ ಮೂಲಕ ನೋಡುತ್ತಿದ್ದು, ಗಾಜನ್ನು ತಟ್ಟನೆ ತೆಗೆದಾಗ ಪರದೆಯ ಮೇಲೆ ಏನು ಕಾಣುತ್ತದೆಂಬುದೇ ಅವರ ಪ್ರಯೋಗದ ವಿಧಾನ. ಅವರ ತೀರ್ಮಾನಗಳನ್ನು ವಿಜ್ಞಾನಲೋಕ ಬಹುವಾಗಿ ಒಪ್ಪಲಿಲ್ಲ. ಅದೇನೇ ಇರಲಿ, ನೊಬೆಲ್ ಪಾರಿತೋಷಕ ಪಡೆದವರೊಬ್ಬರು ಆ ವಯಸ್ಸಿನಲ್ಲಿ ಒಂದು ತುಂಡು ಗಾಜನ್ನು ಹಿಡಿದು ತಮ್ಮ ಕಣ್ಣಿಗೆ ಕಂಡದ್ದನ್ನೇ ಶ್ರದ್ಧೆಯಿಂದ ಬರೆದಿಟ್ಟರಲ್ಲ, ಅದು ನನಗೆ ದೊಡ್ಡದು. ಹುಡುಗನನ್ನು ಹೊರಗೆ ನಿಲ್ಲಿಸಿದ ನಾನು ಆಗ ಮಾಡಬೇಕಾಗಿದ್ದುದೂ ಅಷ್ಟೇ, ಅವನು ಕಂಡದ್ದನ್ನು ಬರೆಸಿಡುವುದು.

ಇನ್ನು ನಮ್ಮ ತುಳುನಾಡಿನ ಕಡೆಗೆ ಬರೋಣ. ತೆಂಕುತಿಟ್ಟಿನ ಯಕ್ಷಗಾನದ ವೇಷಧಾರಿ ಧೀಂಗಿಣ ಹೊಡೆದು ಗಿರಕಿ ತಿರುಗುವಾಗ ಉಡುಗೆಯ ಕೆಂಪು, ಕಪ್ಪು, ಬಿಳುಪುಗಳು ಕಲೆತು ಬಳೆಬಳೆಯಾಗಿ ತೇಲುತ್ತವೆ. ನಿಂತಾಗ ಅವು ಮತ್ತೆ ಬಿಡಿಬಿಡಿಯಾಗುತ್ತವೆ. ಬಣ್ಣದ ವೇಷದ ಮುಖದ ಮೇಲಿನ ಚುಟ್ಟಿಯ ಬಿಳಿಯ ಸಾಲುಗಳು ದೊಂದಿಯ ಓಲಾಡುವ ಬೆಳಕಿನಲ್ಲಿ ಅಲುಗಿದಂತೆ ತೋರುವುದೂ ಉಂಟು. ವಿದ್ಯುದ್ದೀಪದ ಅಚಲ ಬೆಳಕಿನಲ್ಲಿ ಈ ಎರಡನೆಯ ಗುಣ ಬಹುಮಟ್ಟಿಗೆ ನಷ್ಟವಾಯಿತು.

ಇದಕ್ಕಿಂತಲೂ ನಮ್ಮ ವಿಷಯಕ್ಕೆ ಸಮೀಪವಾದುದು ನಾಗಮಂಡಲ. ಬಿಳಿಗೆ ಬಿಳಿಮಣ್ಣಿನ ಹುಡಿ, ಹಳದಿಗೆ ಅರಸಿನ, ಕೆಂಪಿಗೆ ಅರಸಿನಕ್ಕೆ ಸುಣ್ಣ ಬೆರೆಸಿದ್ದು, ಹಸಿರಿಗೆ ಸೊಪ್ಪಿನ ಹುಡಿ, ಕಪ್ಪಿಗೆ ಉಮಿಕರಿ. ಈ ಐದು ಬಣ್ಣಗಳಿಂದ ನೆಲದ ಮೇಲೆ ಹಾವಿನ ಮೈಯ ಗಂಟುಗಳನ್ನು ಬಿಡಿಸುತ್ತಾರೆ. ಗಂಟಿಗೆ ‘ಪವಿತ್ರ’ವೆಂದು ಹೆಸರು. ನಾಲ್ಕು ಪವಿತ್ರ, ಎಂಟು ಪವಿತ್ರ, ಹದಿನಾರು ಪವಿತ್ರ ಎಂದು ಮಂಡಲದ ಪ್ರಮಾಣ ಬೆಳೆಯುತ್ತದೆ. ಕೈವಾರದಿಂದ ಅಳೆದಂತೆ ಸಮತೂಕವಾದ ಆ ಹೆಣಿಗೆಯ ಸುತ್ತ ರಾತ್ರಿಯೆಲ್ಲ ಡಕ್ಕೆಯ ನಾದಕ್ಕೆ ವೈದ್ಯರು ಕುಣಿಯುತ್ತಾರೆ. ನಾಗಪಾತ್ರಿ ಹಿಂಗಾರ ಹಿಡಿದು ಸುತ್ತುತ್ತಾನೆ. ಕಣ್ಣು ಗಂಟಿನ ಜಾಡು ಹಿಡಿದು ಹೋಗುತ್ತಿರುವಾಗಲೇ ಅದೇ ಜಾಡಿನಲ್ಲಿ ಮನುಷ್ಯನೂ ಸುತ್ತುತ್ತಿರುತ್ತಾನೆ. ಬೆಳಗಾಗುವ ಹೊತ್ತಿಗೆ ಮಂಡಲ ಅಳಿದಿರುತ್ತದೆ.

ಇಷ್ಟು ಹೇಳಿದೊಡನೆ, ಪಾಶ್ಚಾತ್ಯರು ನಿನ್ನೆ ಕಂಡುಹಿಡಿದದ್ದನ್ನು ನಮ್ಮವರು ಎಂದೋ ಬಲ್ಲರೆಂದು ಸಭೆಗಳಲ್ಲಿ ಚಪ್ಪಾಳೆ ಗಿಟ್ಟಿಸುವ ಮಾತು ನಾಲಗೆಯ ತುದಿಗೆ ಬರುತ್ತದೆ. ಅದನ್ನು ನಾನು ಒಪ್ಪಲಾರೆ. ಮಂಡಲ ಬರೆದವನಿಗೆ ಕಣ್ಣಿನ ತಪ್ಪನ್ನು ಪ್ರದರ್ಶಿಸುವ ಉದ್ದೇಶವಿಲ್ಲ. ಅವನು ಬರೆಯುತ್ತಿರುವುದು ದೈವಕ್ಕೆ. ರೈಲಿಯವರಿಗೆ ದೈವದ ಉದ್ದೇಶವಿಲ್ಲ. ಅವರು ಬರೆಯುತ್ತಿರುವುದು ನೋಟವನ್ನೇ ಕುರಿತು. ಒಂದೇ ಹೊಳೆಯಲ್ಲಿ ಒಬ್ಬ ಮೀಯುತ್ತಾನೆ, ಇನ್ನೊಬ್ಬ ಆಳ ಅಳೆಯುತ್ತಾನೆ. ಇಬ್ಬರನ್ನೂ ಒಂದೇ ಎಂದರೆ ಇಬ್ಬರಿಗೂ ಅವಮರ್ಯಾದೆ.

ಕಾಕತಾಳೀಯವೆಂಬಂತೆ, ನಿಂತಲ್ಲೇ ಸುತ್ತುವ ಚಿತ್ರಗಳಲ್ಲಿ ಇಂದು ಅತ್ಯಂತ ಪ್ರಸಿದ್ಧವಾದುದಕ್ಕೂ ಹಾವಿನ ಹೆಸರೇ ಇದೆ. ಜಪಾನಿನ ಮನಶ್ಶಾಸ್ತ್ರಜ್ಞ ಅಕಿಯೋಶಿ ಕಿತಾವೋಕ 2003ರಲ್ಲಿ ರಚಿಸಿದ ‘ಸುತ್ತುವ ಹಾವುಗಳು’ ಎಂಬ ಚಿತ್ರದಲ್ಲಿ ಸುರುಳಿ ಸುರುಳಿಯಾಗಿ ಜೋಡಿಸಿದ ಬಣ್ಣದ ತುಣುಕುಗಳಿವೆ. ಕಪ್ಪು, ನೀಲಿ, ಬಿಳಿ, ಹಳದಿ ಎಂಬ ಕ್ರಮ ತಪ್ಪದೆ ಮರುಕಳಿಸುತ್ತದೆ. ನೇರ ನೋಡಿದ ಸುರುಳಿ ನಿಂತಿರುತ್ತದೆ. ಕಡೆಗಣ್ಣಿಗೆ ಬಿದ್ದದ್ದು ತಿರುಗುತ್ತದೆ. ಅಲ್ಲಿಗೆ ದೃಷ್ಟಿ ಒಯ್ದರೆ ಅದೂ ನಿಲ್ಲುತ್ತದೆ, ಬಿಟ್ಟದ್ದು ತಿರುಗತೊಡಗುತ್ತದೆ. ಇಲ್ಲಿ ಮುಖ್ಯವಾದುದು ವರ್ಣವಲ್ಲ, ಕಾಂತಿಯ ಮೆಟ್ಟಿಲು: ಕಡುಗಪ್ಪು, ನಸುಗಪ್ಪು, ಕಡುಬಿಳಿ, ನಸುಬಿಳಿ. ಬರಿಯ ಬೂದು ಛಾಯೆಗಳಲ್ಲಿ ಬರೆದರೂ ಅದು ಸುತ್ತುತ್ತದೆ. ಕಪ್ಪು ಬಿಳಿಗಳಂಥ ತೀವ್ರ ವ್ಯತ್ಯಾಸ ಮೆದುಳಿಗೆ ತುಸು ಬೇಗ ಮುಟ್ಟುತ್ತದೆ, ನಡುವಣ ಛಾಯೆಗಳು ತುಸು ತಡವಾಗಿ ಮುಟ್ಟುತ್ತವೆ. ಈ ಹಿಂದುಮುಂದನ್ನೇ ಮೆದುಳು ಚಲನೆಯೆಂದು ಎಣಿಸುತ್ತದೆಂಬುದು ಒಂದು ವಿವರಣೆ. ಕಣ್ಣಿನ ಸಣ್ಣ ಜಿಗಿತವಾದಾಗ ಮತ್ತು ರೆಪ್ಪೆ ಬಡಿದಾಗ ಈ ಸುತ್ತುವಿಕೆ ಮೊದಲಾಗುತ್ತದೆಂದು 2012ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು.

ಆದರೆ ನನ್ನನ್ನು ತಟ್ಟಿದ ಸಂಗತಿ ಬೇರೆ. ಈ ಹಾವುಗಳು ಎಲ್ಲರಿಗೂ ಸುತ್ತುವುದಿಲ್ಲ. ಒಳ್ಳೆಯ ದೃಷ್ಟಿಯಿದ್ದೂ ಕೆಲವರಿಗೆ ಏನೂ ಅಲುಗಿದಂತೆ ತೋರುವುದಿಲ್ಲ. ಶಿಕ್ಷಕರ ಕೊಠಡಿಯಲ್ಲಿ ಒಮ್ಮೆ ಆ ಚಿತ್ರವನ್ನು ಮೇಜಿನ ಮೇಲಿಟ್ಟಾಗ ಒಬ್ಬರು ಬೆರಗಾದರು. ಪಕ್ಕದಲ್ಲಿದ್ದವರು, ಇದರಲ್ಲೇನಿದೆ ಎಂದು ಕನ್ನಡಕ ಒರೆಸಿಕೊಂಡರು. ಇಬ್ಬರೂ ನಿಜವನ್ನೇ ಹೇಳುತ್ತಿದ್ದರು.

ನಮ್ಮ ಮಠದ ಪರಂಪರೆಯಲ್ಲಿ ಬೆಳೆದ ವಾಚಕರಿಗೆ ಇಲ್ಲಿ ಸಹಜವಾಗಿ ಒಂದು ಪ್ರಶ್ನೆ ಏಳಬಹುದು. ಅಂಗೈಯ ಮೇಲಿನ ಕಪ್ಪು ಹೊಳಪಿನ ಇಷ್ಟಲಿಂಗದಲ್ಲಿ ಅನಿಮಿಷವಾಗಿ ದೃಷ್ಟಿಯಿಟ್ಟಾಗ ಅದರ ಸುತ್ತ ಬೆಳಕಿನ ಅಂಚು ಕಾಣುವುದು, ಸುತ್ತಲಿನ ಪೀಠ, ಹೂ, ಕೈ ಎಲ್ಲವೂ ಮಾಸಿಹೋಗುವುದು ಅನೇಕರ ಅನುಭವ. ದೃಷ್ಟಿ ನಿಂತಾಗ ಅಂಚಿನಲ್ಲಿರುವುದು ಮಾಸುತ್ತದೆಂದು ಸ್ವಿಟ್ಜರ್ಲೆಂಡಿನ ವೈದ್ಯ ಟ್ರಾಕ್ಸ್‌ಲರ್ 1804ರಲ್ಲಿ ಗುರುತಿಸಿದ್ದಾನೆ. ಕಪ್ಪಿನ ಸುತ್ತಣ ಬೆಳಕು ಅನುಬಿಂಬದ ಅಂಚು. ಕಣ್ಣು ಕೂದಲೆಳೆಯಷ್ಟು ಸರಿದಾಗ ಅದು ಹೊರಗೆ ಇಣುಕುತ್ತದೆ. ಹಾಗಾದರೆ ಪೂಜೆ ಬರಿಯ ದೃಗ್ಭ್ರಮೆಯೇ ಎಂದು ಒಬ್ಬ ಹಳೆಯ ವಿದ್ಯಾರ್ಥಿ ನನ್ನನ್ನು ಕೇಳಿದ್ದುಂಟು. ಅಲ್ಲವೆಂದೇ ನನ್ನ ಉತ್ತರ. ಬೆಳಕಿನ ಅಂಚನ್ನು ಪವಾಡವೆಂದು ಸಾರುವವರನ್ನೂ, ಅದಕ್ಕೆ ಕಾರಣ ತಿಳಿಯಿತೆಂದು ಲಿಂಗವನ್ನು ಕೆಳಗಿಡುವವರನ್ನೂ ನಾನು ಒಪ್ಪುವುದಿಲ್ಲ. ಶರಣರು ಕುರುಹು ಬೇರೆ, ಅರಿವು ಬೇರೆ ಎಂದು ವಿವೇಚಿಸಿದವರು. ಕಣ್ಣಿಗೆ ಕಂಡದ್ದು ಕುರುಹಿನ ಕಡೆಯದು. ಅದರ ಲೆಕ್ಕವನ್ನು ವಿಜ್ಞಾನ ಹೇಳಿದರೆ ಅರಿವಿನ ಲೆಕ್ಕ ಕೆಡುವುದಿಲ್ಲ.

ಅಧ್ಯಾಪಕರಿಗೂ ದಾನಿಗಳಿಗೂ ತಿಳಿಸಬೇಕಾದ ಒಂದು ಎಚ್ಚರಿಕೆ ಉಳಿದಿದೆ. ಒತ್ತಾದ ಪಟ್ಟೆಗಳೂ ಮಿಣುಕುವ ಬೆಳಕೂ ಎಲ್ಲರಿಗೂ ವಿನೋದವಲ್ಲ. ಕೆಲವರಿಗೆ ತಲೆನೋವು, ಓಕರಿಕೆ ಬರುತ್ತದೆ. ಅಪಸ್ಮಾರದ ಪ್ರವೃತ್ತಿಯುಳ್ಳ ಕೆಲವರಿಗೆ ಸೆಳವೇ ಬರಬಹುದು. 1997ರ ಡಿಸೆಂಬರಿನಲ್ಲಿ ಜಪಾನಿನ ಟೆಲಿವಿಷನ್ನಿನಲ್ಲಿ ಮಕ್ಕಳ ವ್ಯಂಗ್ಯಚಿತ್ರವೊಂದರ ಕೆಂಪು ನೀಲಿ ಬೆಳಕು ವೇಗವಾಗಿ ಮಿಣುಕಿದಾಗ 685 ಮಂದಿಯನ್ನು, ಹೆಚ್ಚಿನವರು ಮಕ್ಕಳು, ಆಸ್ಪತ್ರೆಗೆ ಒಯ್ಯಬೇಕಾಯಿತು. ಇಂದು ಶಾಲಾ ವಾರ್ಷಿಕೋತ್ಸವದ ವೇದಿಕೆಗಳಲ್ಲಿಯೂ ಬಯಲಾಟದ ರಂಗಸ್ಥಳಗಳಲ್ಲಿಯೂ ಪಟಪಟನೆ ಹೊತ್ತಿ ಆರುವ ದೀಪಗಳನ್ನು ಬಾಡಿಗೆಗೆ ತರಿಸುವ ಪರಿಪಾಠ ಬಂದಿದೆ. ದಾನಿಗಳು ಉದಾರವಾಗಿ ಕೊಟ್ಟ ಹಣ ಅದಕ್ಕೆ ವ್ಯಯವಾಗುವುದು ನನಗೆ ಸರಿಕಾಣುವುದಿಲ್ಲ. ಮಿಣುಕು ದೀಪವೇ ಬೇಕೆಂದಾದರೆ ನಿಧಾನವಾದುದನ್ನು ತರಿಸಿ, ಮುಂದಿನ ಸಾಲಿನಲ್ಲಿ ಕುಳಿತ ಚಿಕ್ಕಮಕ್ಕಳ ಕಡೆಗೆ ತಿರುಗಿಸದೆ ಇಡಬೇಕು. ಕಣ್ಣು ಕುಕ್ಕುತ್ತದೆಂದು ಮಗುವೊಂದು ಹೇಳಿದರೆ ತಕ್ಷಣ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ಅತ್ತ ತಿರುಗಲು ಹೇಳಬೇಕು.

ದೀಪಕ್ಕೆ ಹಣವಿಲ್ಲದಿದ್ದರೂ ನಡೆಯುವ ಆಟವೊಂದಿದೆ. ಬಿಳಿ ರಟ್ಟಿನ ಒಂದು ಬಿಲ್ಲೆ; ಅರ್ಧಕ್ಕೆ ಪೂರ್ತಿ ಕಪ್ಪು; ಉಳಿದ ಅರ್ಧದಲ್ಲಿ ಕೇಂದ್ರದಿಂದ ಬೇರೆ ಬೇರೆ ದೂರದಲ್ಲಿ ಮೂರು ಮೂರು ಕಮಾನು ಗೆರೆಗಳು, ಒಂದೊಂದು ಗುಂಪು ಒಂದೊಂದು ಜಾಗದಲ್ಲಿ. ನಡುವೆ ಬೆಂಕಿಕಡ್ಡಿ ಚುಚ್ಚಿದರೆ ಬುಗುರಿಯಾಯಿತು. 1895ರಲ್ಲಿ ಇಂಗ್ಲೆಂಡಿನ ಬೆನ್ಹಮ್ ಎಂಬವನು ಇದನ್ನು ಆಟಿಕೆಯಾಗಿ ಮಾರಿದನು. ಬಿಲ್ಲೆಯಲ್ಲಿ ಕಪ್ಪು ಬಿಳಿಯಲ್ಲದೆ ಬೇರೆ ಬಣ್ಣವಿಲ್ಲ. ಆದರೂ ಹದವಾಗಿ ತಿರುಗಿಸಿದಾಗ ಮಂದವಾದ ಕೆಂಪು, ಹಸಿರು, ನೀಲಿಯ ಬಳೆಗಳು ಮೂಡುತ್ತವೆ. ತಿರುಗುವ ದಿಕ್ಕನ್ನು ಬದಲಿಸಿದರೆ ಬಣ್ಣಗಳ ಕ್ರಮವೂ ತಲೆಕೆಳಗಾಗುತ್ತದೆ. ನಮ್ಮ ಚಿತ್ರಕಲಾ ಕೊಠಡಿಯಲ್ಲಿ ಮಕ್ಕಳು ಮಾಡಿದ ಇಂತಹ ಬಿಲ್ಲೆಗಳ ಒಂದು ಪೆಟ್ಟಿಗೆಯೇ ಇದೆ. ಎದುರು ಗೋಡೆಯ ಮೇಲೆ ಎಂಟನೆಯ ತರಗತಿಯವರ ಚೌಕಗಳ ಹಾಸೂ ಇದೆ. ಹಳೆಯ ವಿದ್ಯಾರ್ಥಿಗಳು ಬಂದಾಗ ಹತ್ತು ಹೆಜ್ಜೆ ದೂರ ನಿಂತು ಅದನ್ನು ನೋಡಬಹುದು. ಬಾಗಿಲ ಬಳಿ ಒಂದು ನೋಟುಪುಸ್ತಕವನ್ನು ಇಟ್ಟಿದ್ದೇವೆ. ಅಲುಗಿತೆಂದು ಕಂಡವರೂ ಅಲುಗಲಿಲ್ಲವೆಂದು ಕಂಡವರೂ ಅದರಲ್ಲಿ ತಮ್ಮ ವಯಸ್ಸು ಮತ್ತು ನಿಂತ ದೂರದೊಡನೆ, ಕಂಡದ್ದನ್ನು ಕಂಡಂತೆ ಬರೆಯುತ್ತಾರೆ.